ಸತ್ತಂತೆ ಕೂತ ಫೋಟೋ

ಕೋಬೆ, ಜಪಾನ
12-2-1978

ಚಿ. ಸೌ. ಶಿವಕಾಂತಾಳಿಗೆ ನಿನ್ನ ದೌಲತರಾಯನ ಶರಣು.

ನಾನಿಲ್ಲಿ ಕ್ಷೇಮ. ಸೇಠರ ಮನೆಯ ಅಡುಗೆ ನಡೆದಿದೆ. ಮುಂಬಯಿಯಿಂದ ಹಡಗಿನಲ್ಲಿ ಬಂದ ಜೋಳದ ಹಿಟ್ಟು ಮುಗ್ಗಲು ಹಿಡಿದಿತ್ತು, ಆದರೂ ಬಿಡದೆ ರೊಟ್ಟಿ ಬಡಿದೆ. ಗೋಡೆಯಾಚೆಯ ಜಪಾನಿ ಮುದುಕಿ ಸದ್ದು ಕೇಳಿ, ಇಲ್ಲಿ ಯಾರನ್ನೋ ಹೊಡೆಯುತ್ತಿದ್ದಾರೆ ಎಂದು ಪೊಲೀಸರನ್ನು ಕರೆಸಿದಳು. ಪೊಲೀಸರು ಬಂದು ರೊಟ್ಟಿ ತಿಂದು ಹೋದರು.

ಒಂದು ಹೊಸ ಸುದ್ದಿ. ಸೇಠರ ಆಫೀಸಿಗೆ ಸಿನಿಮಾದವರು ಬಂದಿದ್ದರು. ಹಡಗು ಮುಳುಗಿ ಪರದೇಶದ ಹೆಣಗಳು ದಂಡೆಗೆ ಬಂದು ಬೀಳುವ ಕಥೆಯಂತೆ, ಕರಿ ಬಣ್ಣದ ಮನುಷ್ಯರು ಬೇಕಂತೆ. ಸೇಠರು ನಗುತ್ತ ನನ್ನನ್ನು ತೋರಿಸಿದರು. ಮಾತಿಲ್ಲ ಕಥೆಯಿಲ್ಲ, ಮುಖಕ್ಕೆ ಬೂದಿ ಬಣ್ಣ ಬಳಿದುಕೊಂಡು ಮರಳಲ್ಲಿ ಸುಮ್ಮನೆ ಬಿದ್ದಿರಬೇಕು. ಬಿದ್ದುಕೊಂಡೆ. ಎಲ್ಲ ಸರಿ ನಡೆದಿತ್ತು, ಅಷ್ಟರಲ್ಲಿ ನಿರ್ದೇಶಕ ಕಿರುಚಿಕೊಂಡ. ನನ್ನ ಬಲಗಾಲ ಹೆಬ್ಬೆರಳು ಅಲುಗುತ್ತಿತ್ತು! ನಿನಗೆ ಗೊತ್ತಲ್ಲ, ಅವ್ವ ಹೊಡೆಯುತ್ತಿದ್ದಳಲ್ಲ, ಅದೇ ಬೆರಳು. ಕಡೆಗೆ ಪಾದದ ಮೇಲೆ ಮರಳು ಸುರಿದು ನನ್ನನ್ನು ಸಾಯಿಸಿದರು.

ಹೆಣ ಚೆನ್ನಾಗಿ ಬಂತು ಎಂದು ಮತ್ತೆ ಕರೆದಿದ್ದಾರೆ. ನೀನೇನನ್ನುತ್ತೀ? ಅವ್ವನಿಗೆ ಶರಣು. ಮಗಳು ಗುರುಬಾಯಿಗೆ ಮುತ್ತು.

ಅಂದೋಲಾ, ತಾ. ಜೇವರ್ಗಿ
3-4-1978

ನಿಮ್ಮ ಪಾದಗಳಿಗೆ ಶಿವಕಾಂತಾಳ ಶರಣು ಶರಣಾರ್ಥಿ.

ಕಾಗದ ಮುಟ್ಟಿತು. ನಗು ಬರಲಿ ಎಂದು ಬರೆದಿದ್ದೀರಿ, ನನಗೆ ಬರಲಿಲ್ಲ. ಅತ್ತೆಯವರು ಮಾತ್ರ ನಕ್ಕರು. "ಕಾಲ ಅಲುಗಿಸಬ್ಯಾಡಲೇ, ಮನ್ಯಾಗಿನ ಲಕ್ಷ್ಮಿ ಎದ್ದು ಹೋಗ್ತಾಳಂತ ನಾ ಬಡ್ಕೊಂಡೆ. ಈಗ ಜಪಾನದವರು ಬಡೀಲಿ" ಎಂದರು. ಮದುವೆಯ ಹಂದರದಲ್ಲಿ ಅಯ್ಯನವರು ಮಂತ್ರ ಹೇಳುವಾಗಲೂ ಆ ಬೆರಳು ಕುಣಿಯುತ್ತಿತ್ತು. ತಲೆ ತಗ್ಗಿಸಿ ಕೂತವಳು ನಾನು, ನಿಮ್ಮ ಮುಖಕ್ಕಿಂತ ಮೊದಲು ಕಂಡದ್ದು ಅದೇ.

ಅದೇ ಹಂದರದಲ್ಲಿ ಮಟಕಿಯ ನಮ್ಮಪ್ಪ ಬಸವಂತರಾಯರು ನಿಮ್ಮನ್ನು ಕೇಳಿದ್ದು ಮರೆತಿರಾ? ರಾತ್ರಿಯೆಲ್ಲ ಬಯಲಾಟದಲ್ಲಿ ಕುಣಿದು ಹಗಲು ಬದುವಿನ ಮೇಲೆ ಮಲಗುವವನಿಗೆ ಮಗಳನ್ನು ಕೊಡುವುದಿಲ್ಲ ಎಂದಿದ್ದರು. ನೀವು ಕೊರಳಲ್ಲಿನ ಲಿಂಗ ಮುಟ್ಟಿ, ಇನ್ನು ಮುಖಕ್ಕೆ ಬಣ್ಣ ಹಚ್ಚುವುದಿಲ್ಲ ಎಂದಿರಿ. ಆಮೇಲೇ ಅಕ್ಕಿಕಾಳು ಬಿದ್ದದ್ದು. ಸಮುದ್ರ ದಾಟಿದರೆ ಆಣೆ ಕರಗುತ್ತದೆಯೇ? ಅದೂ ಹೋಗಿ ಹೋಗಿ ಹೆಣದ ವೇಷ! ಬಾಳುವವರು ಹಾಕುವ ವೇಷವೇ ಅದು? ಬಿಡಿರಿ.

ಲಕೋಟೆಯ ಮೇಲಿನ ನಿಮ್ಮ ಹೆಸರನ್ನು ಟಪಾಲು ಮಾಸ್ತರರ ಕೈಯಲ್ಲಿ ಬರೆಸಿದ್ದೇನೆ. ಗಂಡನ ಹೆಸರು ಬಾಯಲ್ಲಿ ಬಂದರೂ ಕೈಯಲ್ಲಿ ಬಂದರೂ ಅವನ ಆಯುಷ್ಯ ತಗ್ಗುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ನಿಮಗೆ ಆಣೆಯ ಹೆದರಿಕೆ ಇರದಿದ್ದರೂ ನನಗೆ ಇಂಥವುಗಳ ಹೆದರಿಕೆ ಇದೆ.

ಕೋಬೆ
20-5-1978

ಚಿ. ಸೌ. ಶಿವಕಾಂತಾಳಿಗೆ ಶರಣು.

ನಿನ್ನ ಮಾತು ಮೀರುವುದುಂಟೇ? ಬಿಟ್ಟೆ. ನನಗೆ ನನ್ನ ಒಲೆಯೇ ಸಾಕು. ಸೇಠರು ಕ್ಯೋಟೋ ಎಂಬ ಊರಲ್ಲಿ ಹೊಸ ಅಂಗಡಿ ಇಡುತ್ತಾರೆ, ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದಾರೆ. ಹಿಂದುಗಡೆ ಹೊಸ ವಿಳಾಸ ಇದೆ. ಮಟಕಿಯ ಮಾವನವರಿಗೆ ಏನೂ ಹೇಳಬೇಡ. ಹೇಳುವಂಥದ್ದು ಏನೂ ಇಲ್ಲ.

ಕ್ಯೋಟೋ
9-1-1981

ಚಿ. ಸೌ. ಶಿವಕಾಂತಾಳಿಗೆ ಶರಣು.

ತಡವಾಯಿತು, ಸಿಟ್ಟಾಗಬೇಡ. ಕೆಲಸದ ಮೇಲೆ ಬೆಟ್ಟದ ಸೀಮೆಗೆ ಹೋಗಿದ್ದೆವು. ಮೊಳಕಾಲ ತನಕ ಹಿಮ. ಅಲ್ಲಿ ಕುದುರೆ ಏರುವುದನ್ನು ಕಲಿತೆ. ನಾನು ಏರುವ ತನಕ ಅದು ಸುಮ್ಮನಿತ್ತು, ಏರಿದ ಮೇಲೆ ಹಿಂತಿರುಗಿ ನನ್ನ ಮೊಳಕಾಲು ಮೂಸಿ ನಿಟ್ಟುಸಿರು ಬಿಟ್ಟಿತು. ಇಲ್ಲಿನ ಮಾತು ಈಗ ಸಲೀಸಾಗಿ ಬರುತ್ತದೆ. ಕನಸಿನಲ್ಲೂ ಜಪಾನಿ ಮಾತಾಡುತ್ತೇನಂತೆ. ತಲೆಗೂದಲು ಹೆಗಲ ತನಕ ಬಿಟ್ಟಿದ್ದೆ, ಹೋದ ವಾರ ಪೂರ್ತಿ ಬೋಳಿಸಿದೆ. ಚಳಿಗೆ ನೆತ್ತಿ ಉರಿಯುತ್ತದೆ. ಓಣಿಯ ಹುಡುಗಿಯರು ನನ್ನನ್ನು ಕಂಡರೆ ಹೆಸರು ಹಿಡಿದು ಕೂಗಿ ನಗುತ್ತಾರೆ. ಒಳ್ಳೆಯ ಜನ.

ಗುರುಬಾಯಿಗೆ ಒಂದು ರೇಷ್ಮೆ ಕರವಸ್ತ್ರ ಕಳಿಸಿದ್ದೇನೆ. ಅವ್ವನ ಮಂಡಿನೋವು ಹೇಗಿದೆ?

ಅಂದೋಲಾ
2-3-1981

ನಿಮ್ಮ ಪಾದಗಳಿಗೆ ಶಿವಕಾಂತಾಳ ಶರಣು ಶರಣಾರ್ಥಿ.

ಅತ್ತೆಯವರ ಮಂಡಿ ಹಾಗೇ ಇದೆ. ನನ್ನ ತಲೆ ಮಾತ್ರ ಸರಿ ಇಲ್ಲ. ನನ್ನದೂ ಅಡುಗೆಮನೆಯೇ. ಇಷ್ಟು ವರ್ಷ ಒಲೆಯ ಮುಂದೆ ಕೂತೆ, ಒಮ್ಮೆಯೂ ಕುದುರೆ ಬೇಕಾಗಲಿಲ್ಲ. ನಿಮ್ಮ ಸೇಠರ ಒಲೆ ಎಷ್ಟು ದೂರ ಇದೆ? ತಲೆಗೂದಲು ಬೆಳೆಸಿದ್ದೇಕೆ, ಬೆಳೆಸಿದ್ದನ್ನು ಬೋಳಿಸಿದ್ದೇಕೆ? ಕನಸಿನಲ್ಲಿ ಜಪಾನಿ ಮಾತಾಡುತ್ತೀರಂತೆ. ಅದನ್ನು ಕೇಳಿಸಿಕೊಂಡವರು ಯಾರು? ನಿದ್ದೆಯಲ್ಲಿನ ಮಾತು ಓಣಿಯ ಆಚೆ ಬದಿಗೆ ಕೇಳುವುದಿಲ್ಲ, ಮಗ್ಗುಲಲ್ಲಿ ಇದ್ದವರಿಗೆ ಕೇಳುತ್ತದೆ.

ಕರವಸ್ತ್ರಕ್ಕೆ ಪೌಡರಿನ ವಾಸನೆ. ಬಳೆ ಮಾರುವ ಹಜರಾಬಿ ಬಂದಿದ್ದಳು, ಅವಳಿಗೂ ಮೂಸಿಸಿದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ತಿರುಗುವವಳು, ಅವಳಿಗೆ ಗೊತ್ತಿಲ್ಲದ ವಾಸನೆ ಇಲ್ಲ. "ಪೌಡರ್ ಅಂತೂ ಖರೆ ಬೇ ಅಕ್ಕಾ, ಯಾರ ಮಾರಿಗಿ ಹಚ್ಚಿದ್ದೋ ಖುದಾಗೇ ಗೊತ್ತು" ಎಂದಳು. ಮಗಳಿಗೆ ಆ ಕರವಸ್ತ್ರ ಕೊಟ್ಟಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಗೊತ್ತಾದ ದುಃಖವನ್ನು ಹೊರುತ್ತೇನೆ, ಗೊತ್ತಾಗದ್ದನ್ನು ಹೊರಲಾರೆ.

ಕ್ಯೋಟೋ
15-5-1981

ಶಿವಕಾಂತಾ,

ಈ ಕಾಗದದಲ್ಲಿ ನಿನ್ನ ದನಿಯೇ ಇಲ್ಲ. ಯಾರು ಹೇಳಿಕೊಟ್ಟು ಬರೆಸಿದರು? ನಮ್ಮಣ್ಣ ನಾಗಣ್ಣನೇ? ತಮ್ಮನಾದ ನಾನು ಊರಿಗೆ ಬರುವುದು ಅವನಿಗೆ ಬೇಡವಾಗಿದೆಯೇ? ಇಲ್ಲಾ ಆ ಬಳೆಗಾರ್ತಿಗೆ ಊರೂರಿಗೆ ಹಂಚಲು ಹೊಸ ಸುದ್ದಿ ಸಿಕ್ಕಿರಲಿಲ್ಲವೇ? ಪೌಡರು ಸೇಠಾಣಿಯದು. ತಲೆಯಲ್ಲಿ ಹೇನಾಗಿದ್ದವು. ಹೆಣ್ಣಿಲ್ಲ, ಲಿಂಗದ ಮೇಲೆ ಕೈ ಇಟ್ಟು ಹೇಳುತ್ತೇನೆ. ಬೇರೆ ಏನಿದೆ ಎಂದು ಕೇಳಬೇಡ.

ಎಂಬತ್ಮೂರರ ಬೇಸಿಗೆಗೆ ಊರಿಗೆ ಬರುತ್ತೇನೆ. ಆಗ ಕೂರಿಸಿಕೊಂಡು ಎಷ್ಟು ಬೇಕಾದರೂ ವಿಚಾರಿಸು.

ಕ್ಯೋಟೋ
6-8-1983

ಚಿ. ಸೌ. ಶಿವಕಾಂತಾಳಿಗೆ ಶರಣು.

ಅಕ್ಷರ ನೋಡಿ ಹೆದರಬೇಡ, ಎಡಗೈಯಿಂದ ಬರೆಯುತ್ತಿದ್ದೇನೆ. ಚಳಿಗಾಲದಲ್ಲಿ ಅಡುಗೆಮನೆಯಲ್ಲಿ ಎಣ್ಣೆ ಚೆಲ್ಲಿತ್ತು. ಜಾರಿ ಬಿದ್ದು ಬಲಗೈ ಎರಡು ಕಡೆ ಮುರಿಯಿತು, ಸೊಂಟಕ್ಕೂ ಪೆಟ್ಟಾಯಿತು. ತಿಂಗಳುಗಟ್ಟಲೆ ದವಾಖಾನೆಯಲ್ಲಿದ್ದೆ. ಇಲ್ಲಿ ನನ್ನ ಪರವಾಗಿ ಕನ್ನಡ ಬರೆಯುವವರು ಯಾರಿದ್ದಾರೆ? ತಾರು ಕೊಟ್ಟರೆ ಅವ್ವ ಎದೆ ಒಡೆದುಕೊಳ್ಳುತ್ತಾಳೆ ಎಂದು ಸುಮ್ಮನಾದೆ. ಹೇಳಿದ ಹಾಗೆ ಬೇಸಿಗೆಗೆ ಬರಲು ಆಗಲಿಲ್ಲ.

ಈಗ ಎದ್ದು ಓಡಾಡುತ್ತೇನೆ. ಗುಳಿಗೆಗಳಿಂದ ಬಾಯಿ ಕೆಟ್ಟಿದೆ, ಅವ್ವ ಮಾಡುವ ಪುಂಡಿಪಲ್ಯದ ಜಪ ನಡೆದಿದೆ. ಅವಳಿಗೆ ಶರಣು ಹೇಳು. ನೀನು ಯಾಕೆ ಒಂದು ಕಾಗದವನ್ನೂ ಹಾಕಿಲ್ಲ? ಸಿಟ್ಟು ಇನ್ನೂ ಆರಲಿಲ್ಲವೇ?

ನಿನ್ನ
ದೌಲತರಾಯ

ಅಂದೋಲಾ
1-9-1983

ದೌಲತರಾಯ ಎಂದು ಸಹಿ ಮಾಡಿದವರಿಗೆ,

ಈ ಸಲ ಲಕೋಟೆಯ ಮೇಲಿನ ಹೆಸರನ್ನು ನಾನೇ ಬರೆದಿದ್ದೇನೆ. ಇಲ್ಲಿ ಒಳಗೂ ಬರೆಯುತ್ತೇನೆ. ದೌಲತರಾಯ. ನೋಡಿದಿರಾ? ಕೈ ನಡುಗಲಿಲ್ಲ.

ನೀವು ಯಾರು? ನನ್ನ ಗಂಡನ ಅಕ್ಷರ ನನಗೆ ಗೊತ್ತು, ಇದು ಅದಲ್ಲ. ನನಗೆ ಎಲ್ಲ ಗೊತ್ತಾಗಿದೆ. ಏನು ಗೊತ್ತಾಗಿದೆ, ಹೇಗೆ ಗೊತ್ತಾಯಿತು ಎಂದು ಹೇಳುವುದಿಲ್ಲ. ಹೇಳಿದರೆ ಅದರ ಅಳತೆಗೆ ಸರಿಯಾಗಿ ಇನ್ನೊಂದು ಸುಳ್ಳು ಹೊಲಿದು ಕಳಿಸುತ್ತೀರಿ. ಎಣ್ಣೆ ಚೆಲ್ಲಿತು, ಜಾರಿ ಬಿದ್ದೆ ಎಂದು ಬರೆದವರು ಇನ್ನೇನು ಬರೆಯಲಾರರು? ನಿಮಗೆ ನನ್ನಿಂದ ಏನಾಗಬೇಕು, ಅಷ್ಟು ಹೇಳಿರಿ.

ಕ್ಯೋಟೋ
10-10-1983

ಶಿವಕಾಂತಾ,

ನಿನ್ನ ಅಕ್ಷರದಲ್ಲಿ ನನ್ನ ಹೆಸರು! ಲಕೋಟೆಯನ್ನು ದೀಪದ ಹತ್ತಿರ ಹಿಡಿದು ಎರಡೆರಡು ಸಲ ಓದಿದೆ. ಆ ರೂಢಿ ಮುರಿಯುವಷ್ಟು ಸಿಟ್ಟು ಬಂದಿದೆ ಎಂದರೆ ನಿನಗೆ ನಿಜವಾಗಿಯೂ ಎಲ್ಲ ಗೊತ್ತಾಗಿದೆ. ನೀವು ಯಾರು ಎಂದು ನೀನು ಕೇಳಿದೆ. ಸರಿಯಾಗಿಯೇ ಕೇಳಿದೆ. ಹಂದರದಲ್ಲಿ ಆಣೆ ಮಾಡಿದವನು ನಾನಲ್ಲ. ಇನ್ನು ಮುಚ್ಚುವುದೇನು?

ನಾನು ಬಣ್ಣ ಬಿಡಲೇ ಇಲ್ಲ. ಕ್ಯೋಟೋದಲ್ಲಿ ಸೇಠರ ಅಂಗಡಿ ಇಲ್ಲ, ಸಿನಿಮಾ ತೆಗೆಯುವ ಕಂಪನಿ ಇದೆ. ಮೊದಲು ಹೆಣವಾದೆ, ಆಮೇಲೆ ಕತ್ತಿಗೆ ಬಿದ್ದು ಹೆಣವಾಗುವವನಾದೆ, ಅದು ಬಡ್ತಿ. ಹಡಗುಗಳ್ಳ, ಗುಲಾಮ, ಅಫೀಮು ಮಾರುವವನು, ಹೀಗೆ ಟೀವಿಯಲ್ಲಿ ವಾರಕ್ಕೊಂದು ಸಾವು. ಓಣಿಯ ಮಕ್ಕಳು ನನ್ನ ಹಾಗೆ ಹೊಟ್ಟೆ ಹಿಡಿದುಕೊಂಡು ಬಿದ್ದು ಆಡುತ್ತವೆ. ತೆರೆಯ ಮೇಲೆ ನನ್ನ ಹೆಸರು ತೆಂಜಿಕು ತಾರೋ. ತೆಂಜಿಕು ಎಂದರೆ ಅವರ ಹಳೆಯ ಮಾತಿನಲ್ಲಿ ನಮ್ಮ ದೇಶ. ಓಣಿಯ ಹುಡುಗಿಯರು ಕೂಗುವ ಹೆಸರು ಅದೇ. ಈಗ ಪೊಲೀಸರ ಧಾರಾವಾಹಿಯೊಂದರಲ್ಲಿ ಖಾಯಂ ಪಾತ್ರ ಇದೆ, ಪೊಲೀಸರಿಗೆ ಗುಟ್ಟು ಹೇಳುವ ಖಾನಾವಳಿಯವನು. ನೋಡು, ಅಲ್ಲೂ ಅಡುಗೆಯವನೇ. ಪೂರ್ತಿ ಸುಳ್ಳು ಹೇಳಿಲ್ಲ ನಾನು.

ಒಂದನ್ನು ಮಾತ್ರ ಹೆಮ್ಮೆಯಿಂದ ಹೇಳುತ್ತೇನೆ, ಬೈದುಕೋ. ಈ ಜನವರಿಯಲ್ಲಿ ನಮ್ಮ ದೇಶದಿಂದ ಬಂದ ಮುದಿ ಸನ್ಯಾಸಿಯ ಪಾತ್ರ ಕೊಟ್ಟರು. ಕಡೆಗೆ ಅವನು ಸಾಯುತ್ತಾನೆ. ನಿರ್ದೇಶಕರು ಚಾಪೆ ಹಾಸಿ ಮಲಗು ಎಂದರು. ನಾನು, ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ ಎಂದೆ. ಮತ್ತೆ ಹೇಗೆ, ತೋರಿಸು ಎಂದರು. ನಮ್ಮಪ್ಪ ಹೋದಾಗ ಗೋಡೆಗೆ ಆನಿಸಿ ಹೇಗೆ ಕೂಡಿಸಿದ್ದೆವೋ ಹಾಗೆಯೇ ಪದ್ಮಾಸನ ಹಾಕಿ ಕೂತೆ. ಹಣೆಗೆ ವಿಭೂತಿ, ಸುತ್ತಲೂ ಹೂವು, ಎರಡೂ ಕಡೆ ಕೈಮುಗಿದು ನಿಂತ ಜನ, ಎಲ್ಲ ನಾನೇ ಹೇಳಿ ಮಾಡಿಸಿದೆ. ಎಡ ಅಂಗೈಯಲ್ಲಿ ಲಿಂಗ ಇಡುವುದೊಂದನ್ನು ಮಾತ್ರ ಮಾಡಲಿಲ್ಲ. ಅದು ಆಟಕ್ಕಲ್ಲ, ನನ್ನ ಲಿಂಗ ನನ್ನ ಎದೆಯ ಮೇಲೇ ಇತ್ತು. ಕಣ್ಣು ಮುಚ್ಚಿದೆ. ಅಪ್ಪನೇ ನೆನಪಾದ. ದೀಪ ಹಿಡಿದ ಹುಡುಗರೂ ಅತ್ತರಂತೆ. ಮರುದಿನದಿಂದ ನನಗೊಂದು ಕುರ್ಚಿ, ಅದರ ಬೆನ್ನಿಗೆ ನನ್ನ ಹೆಸರು.

ವಾರ ಕಳೆಯಲಿಲ್ಲ, ಇನ್ನೊಂದು ಚಿತ್ರದಲ್ಲಿ ಕುದುರೆಯಿಂದ ಬಿದ್ದು ಕೈ ಮುರಿದುಕೊಂಡೆ. ಎಣ್ಣೆ ಚೆಲ್ಲಿರಲಿಲ್ಲ. ಇದಿಷ್ಟೇ ನಿಜ. ಮಾವನವರು ಏನು ಶಿಕ್ಷೆ ಕೊಟ್ಟರೂ ಸರಿ. ಅವ್ವನಿಗೆ ನೀನೇ ನಿಧಾನವಾಗಿ ತಿಳಿಸಿ ಹೇಳು. ಅವಳು ನಗುತ್ತಾಳೆ, ನನಗೆ ಗೊತ್ತು.

ಅಂದೋಲಾ
20-11-1983

ದೌಲತರಾಯ ಎಂದು ಸಹಿ ಮಾಡುವವರಿಗೆ,

ಕಾಗದ ಓದಿದೆ. ಬಾಯಿ ತಪ್ಪಿ ಒಂದು ನಿಜ ಹೇಳಿಬಿಟ್ಟಿರಿ. ನೀವು ನಟರು. ಮುಖಕ್ಕೆ ಬಣ್ಣ ಹಚ್ಚಿ ಯಾರು ಬೇಕಾದರೂ ಆಗುವವರು. ಈಗ ನನ್ನ ಗಂಡನ ಪಾತ್ರ ಆಡುತ್ತಿದ್ದೀರಿ.

ನನಗೆ ಗೊತ್ತಾದದ್ದು ನಿಮ್ಮ ಸಿನಿಮಾ ಅಲ್ಲ. ಇನ್ನು ಹೇಳಿಯೇ ಬಿಡುತ್ತೇನೆ. ಈ ಮಾರ್ಚಿನಲ್ಲಿ ಜಪಾನಿನಿಂದ ಒಂದು ದೊಡ್ಡ ಫೋಟೋ ಬಂತು, ಬಿಳಿ ರೇಷ್ಮೆಯಲ್ಲಿ ಸುತ್ತಿದ್ದು. ಬಿಚ್ಚಿದರೆ ನನ್ನ ಗಂಡ. ಬೋಳು ತಲೆ, ಮುಚ್ಚಿದ ಕಣ್ಣು, ಸುಣ್ಣದಂಥ ಮುಖ, ಹಣೆಯ ತುಂಬ ವಿಭೂತಿ. ಹೂವಿನ ನಡುವೆ ಕೂಡಿಸಿದ್ದಾರೆ, ಎರಡೂ ಕಡೆ ಜನ ಕೈಮುಗಿದು ನಿಂತಿದ್ದಾರೆ. ನಮ್ಮಲ್ಲಿ ಅಂಥ ಫೋಟೋ ಯಾವಾಗ ತೆಗೆಯುತ್ತಾರೆ ಎಂದು ಸಣ್ಣ ಮಕ್ಕಳಿಗೂ ಗೊತ್ತು. ಆರು ತಿಂಗಳಿಂದ ಕಾಗದ ಬಂದಿರಲಿಲ್ಲ. ಜೊತೆಗೆ ಜಪಾನಿ ಅಕ್ಷರದ ಪತ್ರವಿತ್ತು. ಅದನ್ನು ಓದಿಸಲು ನಾಗಣ್ಣ ಭಾವ ಅಫಜಲಪುರ ತಾಲೂಕಿನ ಅತನೂರಿಗೆ ಹೋದರು. ಅಲ್ಲಿ ಮೌಲಾಲಿ ಎಂಬ ಮುದುಕರಿದ್ದಾರೆ, ಬರ್ಮಾದ ಯುದ್ಧದಲ್ಲಿ ಜಪಾನಿಯರ ಸೆರೆಯಲ್ಲಿದ್ದವರು. ಅವರು ಪತ್ರ ನೋಡಿದರು, ಫೋಟೋ ನೋಡಿದರು, ಟೊಪ್ಪಿಗೆ ತೆಗೆದು "ಇದು ಮೌತಿನ ಕಾಗದೇ ಅದ ಗೌಡ್ರ" ಎಂದರಂತೆ. ಅಂಗೈಯಲ್ಲಿ ಲಿಂಗ ಇಲ್ಲವಲ್ಲ ಎಂದು ನಾನು ಕೇಳಿದ್ದಕ್ಕೆ ಭಾವ "ಪರದೇಶದಾಗ ಅದನ್ನ ಇಡವ್ರು ಯಾರು ತಂಗಿ" ಎಂದು ಅತ್ತರು.

ಅಯ್ಯನವರು ಬಂದರು, ಶಿವಗಣಾರಾಧನೆಯಾಯಿತು, ಊರು ಉಂಡಿತು. ನನ್ನ ಬಳೆ ಒಡೆಯಲು ಬಂದರು. ಒಡೆಯಗೊಡಲಿಲ್ಲ. ಸೋಪು ಹಚ್ಚಿ ನಾನೇ ತೆಗೆದು ಡಬ್ಬಿಯಲ್ಲಿಟ್ಟೆ. ಯಾಕೆಂದು ಕೇಳಿದರೆ ಇವತ್ತಿಗೂ ಹೇಳಲು ಬರುವುದಿಲ್ಲ. ಹಣೆ ಬರಿದಾಗಿದೆ. ಹೆಸರು ಬರೆಯಲು ಕೈ ಯಾಕೆ ನಡುಗಲಿಲ್ಲ ಎಂದು ಈಗ ತಿಳಿಯಿತೇ? ಕಡಿಮೆಯಾಗಲು ಆಯುಷ್ಯವೇ ಉಳಿದಿಲ್ಲ.

ಸತ್ತಂತೆ ಕೂತೆ ಎನ್ನುತ್ತೀರಿ. ನಮ್ಮವರು ಯಾರೂ ಬದುಕಿದ್ದಾಗ ಹಾಗೆ ಕೂರುವುದಿಲ್ಲ. ತಮ್ಮ ಅಪ್ಪನನ್ನು ಕೂಡಿಸಿದ ದಿನ ನನ್ನ ಗಂಡ ಆ ಕೋಣೆಯಿಂದ ಓಡಿ ಹೋಗಿ ಕಣಜದ ಹಿಂದೆ ಅಡಗಿದ್ದರು. ಅವರು ಅದನ್ನು ಆಟ ಮಾಡಿ ಪರದೇಶದವರಿಗೆ ತೋರಿಸುತ್ತಾರೆಯೇ? ಅವರಿಗೆ ಆದದ್ದನ್ನೆಲ್ಲ ಕೇಳಿ ತಿಳಿದುಕೊಂಡವರು ನೀವು. ಎಲ್ಲಿಟ್ಟಿದ್ದೀರಿ ನನ್ನ ಗಂಡನನ್ನು? ಯಾವ ಮಣ್ಣಿನಲ್ಲಿ? ಅದನ್ನಾದರೂ ಹೇಳಿರಿ.

ಕ್ಯೋಟೋ
5-1-1984

ಶಿವಕಾಂತಾ,

ನಿನ್ನ ಕಾಗದ ಓದಿ ಎಷ್ಟೋ ಹೊತ್ತು ನನ್ನ ಕೈ ನಾನೇ ಮುಟ್ಟಿ ನೋಡಿಕೊಂಡೆ. ಫೋಟೋ ಕಳಿಸಿದ್ದು ನಾನಲ್ಲ. ನಮ್ಮ ಮುಖಕ್ಕೆ ಬಣ್ಣ ಬಳಿಯುವ ಮುದುಕಿ ತೋಮೆ ಕಳಿಸಿದ್ದು. ನಾನು ದವಾಖಾನೆಯಲ್ಲಿದ್ದಾಗ ಹಳೆಯ ಲಕೋಟೆಯ ಮೇಲಿನ ವಿಳಾಸ ನೋಡಿ ಬರೆದಳಂತೆ. ನಿಮ್ಮ ಮನೆಯವನು ನಮ್ಮನ್ನೆಲ್ಲ ಅಳಿಸಿದ, ಇಂಥವನನ್ನು ನಮಗೆ ಕೊಟ್ಟಿರಿ ಎಂದು ತಲೆಬಾಗಿದ್ದಾಳೆ ಆ ಪತ್ರದಲ್ಲಿ. ಕೇಳಿದರೆ ಪಾಪ, ಫೋಟೋ ಸೇರಿತೇ ಎಂದು ಅವಳೇ ಖುಷಿಯಿಂದ ವಿಚಾರಿಸಿದಳು. ಏನೆಂದು ಹೇಳಲಿ?

ನಿನಗೆ ಯಾವ ಗುರುತು ಕೊಡಲಿ? ಕಣಜದ ಹಿಂದೆ ಅಡಗಿದವನು ನಾನೇ. ಅಷ್ಟು ಹೆದರಿದ್ದಕ್ಕೇ ಅದನ್ನು ಮಾಡಿ ನೋಡಬೇಕೆನಿಸಿತು. ಇದನ್ನು ಹೇಳಿದರೂ ನಂಬುವುದಿಲ್ಲ ನೀನು. ನಾನು ಏನು ನೆನಪಿಸಿದರೂ ಸಾಯುವ ಮೊದಲು ಅವರೇ ಹೇಳಿದ್ದರು ಎನ್ನುತ್ತೀ. ಪರದೆಯ ಮೇಲೆ ನೂರಾರು ಸಲ ಸತ್ತೆ, ಪ್ರತಿ ಸಲ ಎದ್ದು ಚಹಾ ಕುಡಿದೆ. ನನ್ನ ಮನೆಯಲ್ಲಿ ಸತ್ತದ್ದರಿಂದ ಏಳುವುದು ಹೇಗೆ ಎಂದು ಯಾರೂ ಕಲಿಸಿಲ್ಲ.

ಕರಾರು ಮಾರ್ಚಿಗೆ ಮುಗಿಯುತ್ತದೆ. ಏಪ್ರಿಲಿನಲ್ಲಿ ಹೊರಡುತ್ತೇನೆ. ಅಲ್ಲಿಯ ತನಕ ನೀನು ನಂಬದಿದ್ದರೂ ಅವ್ವ ನಂಬುತ್ತಾಳೆ. ಈ ಕಾಗದವನ್ನು ಅವಳಿಗೆ ಓದಿ ಹೇಳು. ಅವಳು ಏನನ್ನುತ್ತಾಳೋ ಅದನ್ನಷ್ಟೇ ಬರೆದು ಹಾಕು.

ಅಂದೋಲಾ
14-2-1984

ನಿಮ್ಮ ಪಾದಗಳಿಗೆ ಶಿವಕಾಂತಾಳ ಶರಣು ಶರಣಾರ್ಥಿ.

ಲಕೋಟೆಯ ಮೇಲಿನ ಹೆಸರನ್ನು ಟಪಾಲು ಮಾಸ್ತರರ ಕೈಯಲ್ಲಿ ಬರೆಸಿದ್ದೇನೆ.

ನಿಮ್ಮ ಕಾಗದ ಬಂದ ದಿನ ಮೈ ಉರಿದುಹೋಯಿತು. ಎಷ್ಟು ಚೆಂದ ಸುಳ್ಳು ಹೇಳುತ್ತಾನೆ ಈ ಮನುಷ್ಯ ಎನಿಸಿತು. ಫೋಟೋವನ್ನು ವಾಪಸು ಕಳಿಸಿಬಿಡೋಣ, ಅವನ ಆಟ ಅವನಿಗೇ ಇರಲಿ ಎಂದು ಗೋಡೆಯಿಂದ ಇಳಿಸಿದೆ. ತೂಗುಹಾಕಿದ ದಿನದಿಂದ ಅದಕ್ಕೊಂದು ದಪ್ಪ ಹಾರ ಇತ್ತು, ಕೊರಳಿಂದ ಇಳಿದು ತೊಡೆ, ಕಾಲು ಎಲ್ಲ ಮುಚ್ಚಿತ್ತು. ಹೂವು ಒಣಗಿದಾಗ ಅದರ ಮೇಲೇ ಇನ್ನೊಂದು ಹಾಕುತ್ತಿದ್ದೆವು. ಈಗ ಹಾರ ಕಿತ್ತು ತೆಗೆದೆ.

ಎಲ್ಲ ಸ್ಪಷ್ಟವಾಗಿದೆ. ಸುತ್ತಲಿನ ಹೂವಿನ ಎಸಳು ಎಣಿಸಬಹುದು. ಪಕ್ಕದಲ್ಲಿ ನಿಂತ ಮುದುಕನ ಕೈಯ ನರ ಕಾಣುತ್ತದೆ. ತೊಡೆಯ ಮೇಲಿನ ಬಲಪಾದದ ಹೆಬ್ಬೆರಳು ಒಂದು ಮಾತ್ರ ಹಸಿ ಶಾಯಿಯ ಮೇಲೆ ಕೈ ಎಳೆದ ಹಾಗಿದೆ. ಧೂಳು ಇರಬೇಕೆಂದು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಗುರುಬಾಯಿ ಹಿಂದಿನಿಂದ ಇಣುಕಿ "ಅಲ್ಲವ್ವಾ, ಅದು ಅಲುಗ್ಯದ" ಎಂದಳು. ಅವಳ ಸಾಲಿಯ ಫೋಟೋದಲ್ಲಿ ಹೊರಳಿ ನೋಡಿದ ಹುಡುಗಿಯ ಮುಖ ಹೀಗೆಯೇ ಅಳಿಸಿ ಹೋಗಿದೆಯಂತೆ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮೊದಲು ನಗು ಬಂತು, ಆಮೇಲೆ ಅಳು, ಎರಡೂ ನಿಲ್ಲಲಿಲ್ಲ. ಬಾಗಿಲಲ್ಲಿ ಹಜರಾಬಿ ಬಳೆಯ ಬುಟ್ಟಿ ಇಳಿಸುತ್ತಿದ್ದಳು, ಓಡಿ ಬಂದು ಏನಾಯಿತು ಎಂದಳು. "ಇವ್ರು ಕಾಲು ಅಲುಗಿಸ್ಯಾರ" ಎಂದೆ. ಅವಳಿಗೆ ಏನು ತಿಳಿಯಿತೋ, ಡಬ್ಬಿ ತರಿಸಿ ನನ್ನ ಅವೇ ಹಸಿರು ಬಳೆ ಏರಿಸತೊಡಗಿದಳು. ಕೈ ದಪ್ಪಗಾಗಿದೆ, ನೋವಾಯಿತು. ಒಂದೂ ಒಡೆಯಲಿಲ್ಲ.

ನಾಗಣ್ಣ ಭಾವ ಗಾಬರಿಯಾದರು. "ಊರಿಗೆಲ್ಲ ಉಣ್ಣಿಸೀವಿ ತಂಗಿ, ಈಗ ಏನಂತ ಹೇಳೋದು" ಎಂದರು. "ಉಂಡದ್ದು ವಾಪಸ ಕೊಡ್ರಿ ಅಂತ ನಾ ಯಾರಿಗೂ ಕೇಳಾಕತ್ತಿಲ್ರಿ ಭಾವ" ಎಂದೆ. ಮಟಕಿಯ ನಮ್ಮಪ್ಪ ಇನ್ನೂ ನಂಬಿಲ್ಲ. ಊರಲ್ಲಿ ಅರ್ಧ ಜನ ನನಗೆ ಹುಚ್ಚು ಎನ್ನುತ್ತಾರೆ, ಇನ್ನರ್ಧ ಜನ ಬಳೆ ನೋಡಿ ಬೇರೆ ಏನೇನೋ ಅನ್ನುತ್ತಾರೆ. ಅನ್ನಲಿ.

ಇನ್ನೊಂದು ಮಾತು ಉಳಿದಿದೆ. ಪ್ರತಿ ಕಾಗದದಲ್ಲೂ ಅವ್ವನಿಗೆ ಶರಣು ಹೇಳು ಎಂದಿರಿ. ನಾನು ಬೇಕೆಂದೇ ಉತ್ತರ ಬರೆಯಲಿಲ್ಲ. ವೇಷಧಾರಿಯಾದರೆ ಎಲ್ಲಿಯಾದರೂ ಮುಗ್ಗರಿಸಲಿ ಎಂದು ಕಾಯುತ್ತಿದ್ದೆ. ಅತ್ತೆಯವರು ಹೋದ ಯುಗಾದಿಯ ಮುಂಚೆ ಹೋದರು. ಫೋಟೋ ಬಂದ ಮೇಲೆ ಅನ್ನ ಬಿಟ್ಟಿದ್ದರು. ಅವರನ್ನೂ ನಿಮ್ಮಪ್ಪನವರನ್ನು ಕೂಡಿಸಿದ್ದ ಅದೇ ಗೋಡೆಗೆ ಆನಿಸಿ ಕೂಡಿಸಿದೆವು. ಎಡ ಅಂಗೈಯಲ್ಲಿ ಲಿಂಗ ಇಟ್ಟೆವು. ಫೋಟೋ ತೆಗೆಸಿದೆವು. ಅದರಲ್ಲಿ ಏನೂ ಅಲುಗಿಲ್ಲ. ನಿಮ್ಮ ಫೋಟೋದ ಹಾರವನ್ನು ಅವರ ಮುಂದೆ ಒಮ್ಮೆ ಸರಿಸಿದ್ದರೆ ನನಗಿಂತ ಮೊದಲು ಅವರೇ ಗುರುತು ಹಿಡಿದು ಆ ಬೆರಳಿಗೊಂದು ಏಟು ಕೊಡುತ್ತಿದ್ದರು. ಹಾರ ಹಾಕಿದ್ದು ನನ್ನ ಕೈ. ಅದನ್ನು ಹಾಕುವ ಹಾಗೆ ಕೂತದ್ದು ನೀವು. ಇದನ್ನು ಇಬ್ಬರೂ ಹೊರಬೇಕು, ನಾನೊಬ್ಬಳೇ ಹೊರಲಾರೆ, ಅದಕ್ಕಾದರೂ ಬನ್ನಿರಿ.

ಏಪ್ರಿಲಿನಲ್ಲಿ ಬರುತ್ತೇನೆ ಎಂದಿದ್ದೀರಿ. ಎಂಬತ್ಮೂರರ ಬೇಸಿಗೆಗೂ ಹೀಗೆಯೇ ಹೇಳಿದ್ದಿರಿ. ಬಂದರೆ ನಾನು ಬಸ್ಸಿನ ತನಕ ಬರುವುದಿಲ್ಲ. ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತೇನೆ. ಮುಖ ಎತ್ತಿ ನೋಡುವುದಿಲ್ಲ, ಮುಖಕ್ಕೆ ನೀವು ಏನು ಬೇಕಾದರೂ ಹಚ್ಚುತ್ತೀರಿ. ಹಂದರದಲ್ಲಿ ನೋಡಿದ ಹಾಗೆಯೇ ತಲೆ ತಗ್ಗಿಸಿ ಮೊದಲು ಕಾಲು ನೋಡುತ್ತೇನೆ. ಆಮೇಲೆ ಒಳಗೆ ಕರೆಯುತ್ತೇನೆ.

ನಿಮ್ಮ
ಶಿವಕಾಂತಾ